ಸಿ ಡ್ರೈವ್ ಕೆಂಪಗಾಯಿತೇ? ಅಳಿಸುವ ಮೊದಲು ಸಾಗಿಸಿ

ಸಿ ಡ್ರೈವ್‌ನ ಜಾಗ ತುಂಬಿ ಪಟ್ಟಿ ಕೆಂಪಗಾದ ಕೂಡಲೇ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳಿಸುತ್ತಾರೆ, ಇಲ್ಲವೇ ಸ್ಟೇಷನ್ ಪಕ್ಕದ ರಿಪೇರಿ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಸಿಗುವ ಉತ್ತರ ಒಂದೇ: ‘ಫಾರ್ಮ್ಯಾಟ್ ಕರ್ನಾ ಪಡೇಗಾ’, ಅಂದರೆ ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕು. ಮುಂಬಯಿ ಸುತ್ತಿನ ಡೊಂಬಿವಲಿ, ಮುಲುಂಡ್ ಕಡೆಯ ನಮ್ಮವರ ಮನೆಗಳಲ್ಲಿ, ಹೋಟೆಲ್ ಗಲ್ಲಾಗಳಲ್ಲಿ, ಸಂಘದ ಕಚೇರಿಗಳಲ್ಲಿ ಎರಡನ್ನೂ ನೋಡುತ್ತಲೇ ಇದ್ದೇನೆ. ಎರಡೂ ಬೇಡ. ವಿಂಡೋಸ್ ಇಟ್ಟುಕೊಂಡ ಕಸವನ್ನು ವಿಂಡೋಸ್ ಕೈಯಿಂದಲೇ ತೆಗೆಸಿ. ನೀವು ಇಟ್ಟದ್ದನ್ನು ನೀವೇ ಬೇರೆ ಕಡೆಗೆ ಸಾಗಿಸಿ.

ಇಲ್ಲಿ ಹೇಳುವುದು ವಿಂಡೋಸ್ 11ರ ಲೆಕ್ಕ. 10ರಲ್ಲೂ ಹೆಚ್ಚು ಕಡಿಮೆ ಇದೇ ದಾರಿ. ಆದರೆ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಇನ್ನೊಂದು ಮಾತು, 256 ಜಿಬಿ ಎಂದು ಕೊಂಡ ಡಿಸ್ಕ್ 238 ಎಂದು ತೋರಿಸಿದರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಡಿಸ್ಕ್ ಮಾಡುವವರದು ಸಾವಿರದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ.

ಹಂತ 1: ಜಾಗ ತಿಂದವರು ಯಾರು?

ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್. ತೆರೆದು ಸ್ವಲ್ಪ ಕಾಯಿರಿ, ಪಟ್ಟಿ ಬರುತ್ತದೆ. ಅದು ಸಾಲದಿದ್ದರೆ ವಿನ್‌ಡರ್‌ಸ್ಟಾಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ದೊಡ್ಡ ಫೈಲ್‌ಗಳನ್ನು ದೊಡ್ಡ ಬಣ್ಣದ ಚೌಕಗಳಾಗಿ ತೋರಿಸುತ್ತದೆ. ನೋಡುವುದಕ್ಕೆ ಮಾತ್ರ ಬಳಸಿ, ಅದರೊಳಗಿಂದ ಏನನ್ನೂ ಅಳಿಸಬೇಡಿ.

‘ಸಿ ಡ್ರೈವ್‌ನಲ್ಲಿ ನಾನು ಏನೂ ಇಟ್ಟಿಲ್ಲ ಮಾರಾಯ್ರೆ, ಎಲ್ಲ ಡೆಸ್ಕ್‌ಟಾಪ್‌ನಲ್ಲೇ ಉಂಟು.’ ಈ ಮಾತು ಹೋದಲ್ಲೆಲ್ಲ ಕೇಳುತ್ತೇನೆ. ಡೆಸ್ಕ್‌ಟಾಪ್ ಇರುವುದೇ ಸಿ ಡ್ರೈವ್‌ನಲ್ಲಿ! ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಕೂಡ ಅಲ್ಲೇ. ಊರಿನ ಕೋಲದ ವಿಡಿಯೊ, ಮಗಳ ಮದುವೆಯ ಆಲ್ಬಮ್, ಸಂಘದ ಸ್ಮರಣ ಸಂಚಿಕೆಯ ‘ಫೈನಲ್’, ‘ಹೊಸ ಫೈನಲ್’, ‘ಇದೇ ಫೈನಲ್’, ಎಲ್ಲ ಸಿ ಡ್ರೈವ್‌ನ ಹೊಟ್ಟೆಯಲ್ಲೇ.

ಹಂತ 2: ವಿಂಡೋಸ್‌ನ ಕಸ

ಅದೇ ಸ್ಟೋರೇಜ್ ಪುಟದಲ್ಲಿ ಟೆಂಪರರಿ ಫೈಲ್ಸ್ ಒತ್ತಿ. ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇರುತ್ತದೆ. ಅದಕ್ಕೆ ಮಾತ್ರ ಟಿಕ್ ಹಾಕಬೇಡಿ. ಅದು ಕಸ ಅಲ್ಲ, ನೀವು ಇಳಿಸಿಕೊಂಡ ಫೈಲ್‌ಗಳ ಫೋಲ್ಡರ್. ‘ಎಲ್ಲ ಟೆಂಪರರಿ ತಾನೆ’ ಎಂದು ಟಿಕ್ ಹಾಕಿ, ಬ್ಯಾಂಕ್ ಸ್ಟೇಟ್‌ಮೆಂಟು, ಆಧಾರ್ ಪ್ರತಿ ಕಳೆದುಕೊಂಡವರಿದ್ದಾರೆ.

ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಶನ್, ಥಂಬ್‌ನೇಲ್ಸ್, ಇವುಗಳಿಗೆ ಧೈರ್ಯವಾಗಿ ಟಿಕ್ ಹಾಕಿ. ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್’ ಕಂಡರೆ ಅದು ಹಳೆಯ ವಿಂಡೋಸ್‌ನ ಪೂರ್ತಿ ಗಂಟು. ಹತ್ತು ದಿನ ಕಳೆದರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಪ್ರಿಂಟರ್, ಲೆಕ್ಕದ ತಂತ್ರಾಂಶ ಟ್ಯಾಲಿ ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ಮಾತ್ರ ಮೊದಲೇ ತೆಗೆಯಿರಿ. ತೆಗೆದ ಮೇಲೆ ಹಳೆಯ ವಿಂಡೋಸ್‌ಗೆ ಮರಳಲಾಗದು. ಇಎಸ್‌ಡಿ ಇನ್‌ಸ್ಟಾಲೇಶನ್ ಫೈಲ್ಸ್ ಇದ್ದರೆ ಇರಲಿ, ಮುಂದೆ ರಿಸೆಟ್ ಮಾಡಲು ಬೇಕಾಗಬಹುದು.

ರಿಸೈಕಲ್ ಬಿನ್ ಖಾಲಿ ಮಾಡಿ. ಅದರಲ್ಲಿದ್ದಷ್ಟೂ ಹೊತ್ತು ಅಳಿಸಿದ ಫೈಲ್ ಜಾಗ ಬಿಡುವುದಿಲ್ಲ. ಕಸವನ್ನು ಆಗಾಗ ತಾನೇ ತೆಗೆಯುವ ಸ್ಟೋರೇಜ್ ಸೆನ್ಸ್ ಆನ್ ಮಾಡಿಡುವುದು ಒಳ್ಳೆಯದು, ಆದರೆ ಅದರೊಳಗೆ ಡೌನ್‌ಲೋಡ್ಸ್‌ಗೆ ‘ನೆವರ್’ ಇರಲೇಬೇಕು.

ಹಂತ 3: ಬೇಡದ ಆ್ಯಪ್

ಇನ್‌ಸ್ಟಾಲ್ಡ್ ಆ್ಯಪ್ಸ್‌ಗೆ ಹೋಗಿ, ಗಾತ್ರದ ಪ್ರಕಾರ ಜೋಡಿಸಿ, ಬೇಡದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಅಷ್ಟೇ.

ಇಲ್ಲೇ ಒಂದು ಮಾತು. ‘ಒಂದೇ ಕ್ಲಿಕ್ಕಿನಲ್ಲಿ ಪಿಸಿ ಫಾಸ್ಟ್’ ಎನ್ನುವ ಕ್ಲೀನರ್‌ಗಳು ಬೇಡವೇ ಬೇಡ. ಟೆಂಪರರಿ ಕಸ ತೆಗೆಯುವ ಕೆಲಸವನ್ನು ವಿಂಡೋಸ್ ಪುಕ್ಕಟೆ ಮಾಡುತ್ತದೆ. ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ, ಕ್ಲೀನ್ ಮಾಡಿದರೆ ಹೇಳಿಕೊಳ್ಳುವಷ್ಟು ಜಾಗ ಸಿಗುವುದಿಲ್ಲ, ಕೆಡುವ ಭಯ ಮಾತ್ರ ಜಾಸ್ತಿ. 2017ರಲ್ಲಿ ಸಿಕ್ಲೀನರ್‌ನಂಥ ಹೆಸರುವಾಸಿ ತಂತ್ರಾಂಶದ ಒಂದು ಆವೃತ್ತಿಯೊಳಗೇ ಕಳ್ಳ ಕೋಡ್ ಸೇರಿಸಿ ಹಂಚಿದ್ದರು. ಅದಕ್ಕೇ ಆ ಗತಿಯಾದರೆ ಜಾಹೀರಾತಿನಿಂದ ನುಗ್ಗಿ ಬರುವ ಹೆಸರಿಲ್ಲದವುಗಳ ಕಥೆ ಕೇಳಬೇಕೇ?

ಹಂತ 4: ಫೋಲ್ಡರ್ ಸಾಗಣೆ

ಜನ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಡಿ ಡ್ರೈವ್ ಇದ್ದವರು ಮೊದಲು ಅಲ್ಲಿ ‘ಡೇಟಾ’ ಎಂಬ ಫೋಲ್ಡರ್ ಮಾಡಿ. ಅದರೊಳಗೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಂದು ನಾಲ್ಕು ಬೇರೆ ಬೇರೆ ಫೋಲ್ಡರ್ ಮಾಡಿ. ಈ ತಯಾರಿ ಬಿಟ್ಟವರೇ ಆಮೇಲೆ ಫೋನ್ ಮಾಡುವವರು. ತೆರೆದಿರುವ ಫೈಲ್ ಸಾಗುವುದಿಲ್ಲ, ಹಾಗಾಗಿ ವರ್ಡ್, ಎಕ್ಸೆಲ್, ಬ್ರೌಸರ್ ಎಲ್ಲ ಮುಚ್ಚಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ.

ಈಗ ಫೈಲ್ ಎಕ್ಸ್‌ಪ್ಲೋರರ್‌ನ ಎಡಬದಿಯ ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅದರಲ್ಲಿ ಲೊಕೇಶನ್ ಎಂಬ ಟ್ಯಾಬ್. ಅಲ್ಲಿರುವ ವಿಳಾಸ ಓದಿ. ನಡುವೆ ವನ್‌ಡ್ರೈವ್ (ಫೈಲ್‌ಗಳನ್ನು ಇಂಟರ್‌ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್ ಸೇವೆ) ಎಂಬ ಹೆಸರು ಇದ್ದರೆ ಅಲ್ಲಿಗೇ ನಿಲ್ಲಿಸಿ. ಮೊದಲು ವನ್‌ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಫೋಲ್ಡರಿನ ಬ್ಯಾಕಪ್ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಡಾಕ್ಯುಮೆಂಟ್ಸ್ ಖಾಲಿ ಕಂಡರೆ ಎದೆ ಒಡೆದುಕೊಳ್ಳಬೇಡಿ. ಫೈಲ್‌ಗಳು ವನ್‌ಡ್ರೈವ್ ಫೋಲ್ಡರಿನಲ್ಲೇ ಉಳಿದಿರಬಹುದು, ಅಲ್ಲಿಂದ ತನ್ನಿ.

ವನ್‌ಡ್ರೈವ್ ಹೆಸರು ಇಲ್ಲವೇ? ಹಾಗಾದರೆ ಮೂವ್ ಒತ್ತಿ. ಡಿ ಡ್ರೈವ್‌ನ ಡೇಟಾ ಒಳಗಿನ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಆರಿಸಿ. ಬರೀ ಡಿ ಡ್ರೈವ್ ಆರಿಸಿ ಓಕೆ ಒತ್ತಿದರೆ ಇಡೀ ಡಿ ಡ್ರೈವ್ ನಿಮ್ಮ ಡಾಕ್ಯುಮೆಂಟ್ಸ್ ಆಗಿ ಕೂರುತ್ತದೆ. ವಾಪಸ್ ತರಲು ಹೋದರೆ ಡಿ ಡ್ರೈವ್‌ನಲ್ಲಿರುವ ಸಕಲವನ್ನೂ ಸಿಗೆ ಸಾಗಿಸಲೇ ಎಂದು ಕೇಳುತ್ತದೆ. ಹಾಗೆಯೇ ಎರಡು ಫೋಲ್ಡರಿಗೆ ಒಂದೇ ಜಾಗ ಕೊಡಬೇಡಿ. ಡೆಸ್ಕ್‌ಟಾಪೂ ಡಾಕ್ಯುಮೆಂಟ್ಸೂ ಬೆರೆತರೆ ಬೇರ್ಪಡಿಸುವುದು ದೊಡ್ಡ ರಗಳೆ.

ಅಪ್ಲೈ ಒತ್ತಿದಾಗ ‘ಹಳೆಯ ಫೈಲ್‌ಗಳನ್ನೂ ಸಾಗಿಸಲೇ’ ಎಂದು ಕೇಳುತ್ತದೆ. ಯೆಸ್ ಅನ್ನಿ. ನೋ ಅಂದರೆ ಹಳೆಯವು ಸಿ ಡ್ರೈವ್‌ನಲ್ಲೇ ಉಳಿದು, ಹೊಸವು ಮಾತ್ರ ಡಿಗೆ ಹೋಗುತ್ತವೆ. ಒಂದು ಫೋಲ್ಡರ್ ಮುಗಿದ ಮೇಲೆ ಇನ್ನೊಂದು. ನಾಲ್ಕನ್ನೂ ಒಟ್ಟಿಗೆ ಶುರು ಮಾಡಬೇಡಿ. ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರನ್ನು ಇಡಿಯಾಗಿ ಕಟ್ ಮಾಡಿ ಪೇಸ್ಟ್ ಮಾಡುವ ಅಡ್ಡದಾರಿ ಹಿಡಿಯಬೇಡಿ, ಅದರೊಳಗೆ ಆ್ಯಪ್‌ಗಳ ಸಂಸಾರವೇ ಇದೆ. ಪೆನ್ ಡ್ರೈವ್‌ಗೋ ಹೊರಗಿನ ಹಾರ್ಡ್ ಡಿಸ್ಕ್‌ಗೋ ಡೆಸ್ಕ್‌ಟಾಪ್ ಸಾಗಿಸುವುದೂ ಬೇಡ. ಅದನ್ನು ಕಿತ್ತ ದಿನ ವಿಂಡೋಸ್‌ಗೆ ಡೆಸ್ಕ್‌ಟಾಪೇ ಸಿಗುವುದಿಲ್ಲ.

ಹೋಟೆಲಿನವರಿಗೆ ಬೇರೆಯೇ ಎಚ್ಚರಿಕೆ. ಟ್ಯಾಲಿ, ಬಿಲ್ಲಿಂಗ್ ತಂತ್ರಾಂಶಗಳು ತಮ್ಮ ಡೇಟಾದ ವಿಳಾಸ ನೆನಪಿಟ್ಟುಕೊಂಡಿರುತ್ತವೆ. ಆ ಫೋಲ್ಡರ್ ಎತ್ತಿ ಬೇರೆ ಕಡೆ ಇಟ್ಟರೆ ಮರುದಿನ ಕಂಪನಿಯ ಹೆಸರೇ ಕಾಣುವುದಿಲ್ಲ. ವಿಳಾಸವನ್ನು ಆ ತಂತ್ರಾಂಶದೊಳಗೂ ಬದಲಿಸಬೇಕು. ಲೆಕ್ಕ ನೋಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ, ಜಿಎಸ್‌ಟಿ ರಿಟರ್ನ್‌ನ ಹಿಂದಿನ ದಿನವಂತೂ ಬೇಡ.

ಡಿಗೆ ಹೋಯಿತು ಎಂದರೆ ಬ್ಯಾಕಪ್ ಆಯಿತು ಎಂದಲ್ಲ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಕಪಾಟಿನ ಎರಡು ಖಾನೆ.

ಸಿ ಡ್ರೈವ್ ಒಂದೇ ಇರುವವರು ಅದನ್ನೇ ಸೀಳಿ ಡಿ ಮಾಡಿದರೆ ಜಾಗ ಹುಟ್ಟುವುದಿಲ್ಲ. ಫೋಟೊ, ವಿಡಿಯೊಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಕಟ್ ಬೇಡ, ಕಾಪಿಯೇ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ, ಗಾತ್ರ ತಾಳೆ ನೋಡಿ. ಕೆಲವು ವಿಡಿಯೊ ಅಲ್ಲಿಂದಲೇ ಓಡಿಸಿಯೂ ನೋಡಿ. ಬೇರೆಲ್ಲೂ ಇಲ್ಲದ ಫೋಟೊಗಳನ್ನು ಇನ್ನೊಂದು ಡಿಸ್ಕ್‌ಗೂ ಹಾಕಿ, ಆಮೇಲೆ ಸಿ ಡ್ರೈವ್‌ನಿಂದ ಅಳಿಸಿ. ಫುಟ್‌ಪಾತಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ‘2 ಟಿಬಿ’ ಪೆನ್ ಡ್ರೈವ್‌ಗೆ ಮಾತ್ರ ಮರುಳಾಗಬೇಡಿ. ಕಂಪ್ಯೂಟರಿಗೆ 2 ಟಿಬಿ ಎಂದು ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಹಾಕಿದ ಫೈಲ್‌ಗಳ ಹೆಸರು ಕಾಣುತ್ತದೆ, ಫೋಟೊ ತೆರೆಯುವುದಿಲ್ಲ.

ಹಂತ 5: ಹೈಬರ್‌ನೇಶನ್

ಇದು ಡೆಸ್ಕ್‌ಟಾಪ್ ಕಂಪ್ಯೂಟರ್ ಇರುವವರಿಗೆ ಮಾತ್ರ. ಹೈಬರ್‌ನೇಶನ್ ಎಂದರೆ ತೆರೆದಿರುವ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಕಂಪ್ಯೂಟರ್ ಆಫ್ ಆಗುವುದು. ಅದಕ್ಕೆಂದು ವಿಂಡೋಸ್ ಒಂದು ಅಡಗಿಸಿದ ಫೈಲ್ ಇಡುತ್ತದೆ. ಸಾಮಾನ್ಯವಾಗಿ ರ್‍ಯಾಮ್‌ನ ಶೇ 40ರಷ್ಟು ಗಾತ್ರ. 16 ಜಿಬಿ ರ್‍ಯಾಮ್ ಇದ್ದರೆ ಆರು ಜಿಬಿ ಮೀರುತ್ತದೆ. ಕಮಾಂಡ್ ಪ್ರಾಂಪ್ಟ್ ಅನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಗಿ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಪವರ್, ಅದಕ್ಕೆ ಅಂಟಿಸಿಯೇ ಸಿ ಎಫ್ ಜಿ, ಜಾಗ ಬಿಟ್ಟು ಸ್ಲಾಶ್ ಎಚ್, ಮತ್ತೆ ಜಾಗ ಬಿಟ್ಟು ಆಫ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ, ಆನ್ ಆಗುವುದು ತುಸು ತಡವಾಗಬಹುದು. ಬೇಕೆನಿಸಿದರೆ ಆಫ್ ಬದಲು ಆನ್ ಎಂದು ಹಾಕಿ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಪೂರ್ತಿ ಇಳಿಯುವಾಗ ನಿಮ್ಮ ಕೆಲಸ ಉಳಿಸುವುದು ಇದೇ. ಅದನ್ನು ಹಾಗೇ ಬಿಡಿ.

ಮುಟ್ಟಬಾರದವು

ವಿಂಡೋಸ್ ಫೋಲ್ಡರಿನೊಳಗಿನ ವಿನ್‌ಎಸ್‌ಎಕ್ಸ್‌ಎಸ್ ದೈತ್ಯನಂತೆ ಕಾಣುತ್ತದೆ. ಅದರಲ್ಲಿನ ಎಷ್ಟೋ ಫೈಲ್‌ಗಳು ಬೇರೆ ಕಡೆಯೂ ಎಣಿಕೆಗೆ ಬರುವುದರಿಂದ ಗಾತ್ರ ಉಬ್ಬಿರುತ್ತದೆ. ಅಳಿಸಿದರೆ ಕಂಪ್ಯೂಟರ್ ಏಳುವುದೇ ಅನುಮಾನ. ಅಲ್ಲೇ ಇರುವ ಇನ್‌ಸ್ಟಾಲರ್ ಫೋಲ್ಡರ್ ಹೋದರೆ ಎಷ್ಟೋ ತಂತ್ರಾಂಶಗಳನ್ನು ಅಪ್‌ಡೇಟ್ ಮಾಡಲೂ ಆಗದು, ತೆಗೆಯಲೂ ಆಗದು. ರ್‍ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಪೇಜ್‌ಫೈಲ್ ತಂಟೆಗೂ ಹೋಗಬೇಡಿ.

ಇಷ್ಟಾದರೂ ಕೆಂಪು ಇಳಿಯದಿದ್ದರೆ ಡಿಸ್ಕೇ ಚಿಕ್ಕದು ಎಂದರ್ಥ. ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ದೊಡ್ಡ ಎಸ್‌ಎಸ್‌ಡಿ ಹಾಕಿಸಿ. ಫಾರ್ಮ್ಯಾಟ್ ಬೇಡ, ಹಳೆಯದನ್ನೇ ಕ್ಲೋನ್ ಮಾಡಿ, ಅಂದರೆ ಇದ್ದ ಹಾಗೇ ಹೊಸದಕ್ಕೆ ನಕಲು ಮಾಡಿ ಕೊಡಿ ಅನ್ನಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ಬೋರ್ಡಿಗೇ ಬೆಸೆದಿರುತ್ತಾರೆ. ನಿಮ್ಮ ಮಾಡೆಲ್‌ನದು ಬದಲಾಗುತ್ತದೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಮರಳುವಾಗ ಹಳೆಯ ಡಿಸ್ಕ್ ಕೇಳಿ ಪಡೆದುಕೊಂಡೇ ಬನ್ನಿ. ‘ಅದು ಸ್ಕ್ರ್ಯಾಪ್, ಬಿಡಿ’ ಅಂದರೂ ಬಿಡಬೇಡಿ, ನಿಮ್ಮ ಪ್ಯಾನ್ ಕಾರ್ಡಿನಿಂದ ಹಿಡಿದು ಮನೆಯ ಅಗ್ರಿಮೆಂಟಿನವರೆಗೆ ಎಲ್ಲ ಅದರಲ್ಲೇ ಇದೆ.