ಕಡಿಮೆ ವಿಕಿರಣದ ಸಿಟಿ ಚಿತ್ರ ಮತ್ತು ಅಳಿಸಿಹೋದ ಒಂದು ಚುಕ್ಕೆ

ಸಿಟಿ ಸ್ಕ್ಯಾನ್‌ನಲ್ಲಿ ವಿಕಿರಣವನ್ನು ಕಾಲುಭಾಗಕ್ಕೆ ಇಳಿಸಿದರೆ ಚಿತ್ರದ ನಾಯ್ಸ್ (ಕಾಳುಕಾಳಾದ ಏರುಪೇರು) ಸುಮಾರು ಇಮ್ಮಡಿಯಾಗುತ್ತದೆ. ಡಿಟೆಕ್ಟರ್ ತಲುಪುವ ಫೋಟಾನ್‌ಗಳು ಕಡಿಮೆಯಾದಷ್ಟೂ ಅವುಗಳ ಎಣಿಕೆಯ ಏರುಪೇರು ಎದ್ದು ಕಾಣುವುದೇ ಇದಕ್ಕೆ ಕಾರಣ. ಹಾಗೆ ಮರಳು ಎರಚಿದಂತೆ ಕಾಣುವ ಹೊಟ್ಟೆಯ ಚಿತ್ರಗಳನ್ನು ಡೀಪ್ ಲರ್ನಿಂಗ್‌ನಿಂದ ತಿಳಿಗೊಳಿಸುವುದನ್ನು ನಾನು ಎಂ.ಟೆಕ್. ಪ್ರಾಜೆಕ್ಟ್ ಆಗಿ ಕೈಗೆತ್ತಿಕೊಂಡೆ.

ಕಲಿಕೆಗೆ ಒಂದೇ ದೇಹದ ಎರಡು ಚಿತ್ರಗಳು, ನಾಯ್ಸ್ ತುಂಬಿದ್ದೊಂದು ಮತ್ತು ತಿಳಿಯಾದದ್ದೊಂದು, ಬೇಕು, ಆದರೆ ಅದಕ್ಕಾಗಿ ರೋಗಿಗೆ ಎರಡು ಬಾರಿ ವಿಕಿರಣ ಕೊಡುವಂತಿಲ್ಲ. 2016ರ ಕಡಿಮೆ ಡೋಸ್ ಸಿಟಿ ಸ್ಪರ್ಧೆಗಾಗಿ ಮೇಯೋ ಕ್ಲಿನಿಕ್ ಒದಗಿಸಿದ ದತ್ತಾಂಶ ಇಲ್ಲಿ ನೆರವಾಯಿತು: ಪೂರ್ಣ ಡೋಸ್‌ನ ಅಳತೆಗಳಿಗೇ ಲೆಕ್ಕಾಚಾರದ ನಾಯ್ಸ್ ಸೇರಿಸಿ ಕಾಲು ಡೋಸ್‌ನ ಚಿತ್ರಗಳನ್ನು ಅದರಲ್ಲಿ ಸಿದ್ಧಪಡಿಸಲಾಗಿದೆ. ತರಬೇತಿಗೆ ಸಿಗುವುದು 10 ರೋಗಿಗಳು ಮಾತ್ರ. ನಾನು ಮೊದಲು ಸ್ಲೈಸ್‌ಗಳನ್ನು (ದೇಹದ ಒಂದೊಂದು ಅಡ್ಡಪದರದ ಚಿತ್ರಗಳನ್ನು) ಮನಬಂದಂತೆ ಹಂಚಿದ್ದರಿಂದ ಒಬ್ಬನೇ ರೋಗಿಯ ಅಕ್ಕಪಕ್ಕದ ಸ್ಲೈಸ್‌ಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಸೇರಿಕೊಂಡು, ಅಂಕಗಳು ಸುಳ್ಳಾಗಿ ಏರಿದವು. ರೋಗಿವಾರು ವಿಂಗಡಿಸಿ ಎಲ್ಲವನ್ನೂ ಮತ್ತೆ ಮೊದಲಿನಿಂದ ನಡೆಸಬೇಕಾಯಿತು.

2017ರಲ್ಲಿ ಪ್ರಕಟವಾದ ರೆಡ್-ಸಿಎನ್‌ಎನ್ ಮಾದರಿಯ ಹತ್ತು ಪದರಗಳ ಜಾಲವನ್ನೇ (ನ್ಯೂರಲ್ ನೆಟ್‌ವರ್ಕ್) ಬಳಸಿದೆ. ಫಲಿತಾಂಶ ಪೂರ್ಣ ಡೋಸ್ ಚಿತ್ರಕ್ಕೆ ಎಷ್ಟು ಹತ್ತಿರವಿದೆ ಎಂದು ಅಳೆಯುವ ಪಿಎಸ್‌ಎನ್‌ಆರ್ ಚೆನ್ನಾಗಿ ಏರಿತು. ಚಿತ್ರಗಳನ್ನು ರೇಡಿಯಾಲಜಿಸ್ಟ್ ಮೇಡಂ ಒಬ್ಬರಿಗೆ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಲಿವರ್ ಮೇಣ ಸವರಿದ ಹಾಗಿದೆಯಲ್ಲಪ್ಪ, ಇಲ್ಲಿದ್ದ ಚುಕ್ಕೆ ಎಲ್ಲಿ?" ಎಂದರು.

ಅಂದು ರಾತ್ರಿ ಜಾಲಕ್ಕೆ ಕೊಟ್ಟಿದ್ದ ಕಾಲು ಡೋಸ್‌ನ ಮೂಲ ಚಿತ್ರದಿಂದ ಜಾಲದ ಚಿತ್ರವನ್ನು ಕಳೆದು ನೋಡಿದೆ. ಕಳೆದುಳಿದ ಚಿತ್ರದಲ್ಲಿ ಬರೀ ಕಾಳುಕಾಳು ಇರಬೇಕಿತ್ತು. ಬದಲಿಗೆ ರಕ್ತನಾಳಗಳ ಅಂಚುಗಳು ತೆಳ್ಳಗೆ ಕಾಣುತ್ತಿದ್ದವು, ಲಿವರ್‌ನ ಬಲಭಾಗದಲ್ಲಿ ಮಸುಕಾದ ಒಂದು ದುಂಡು ಗುರುತೂ ಇತ್ತು. ನಾಯ್ಸ್ ಎಂದುಕೊಂಡು ನನ್ನ ಜಾಲ ತೆಗೆದುಹಾಕಿದ್ದು ಅದನ್ನೇ. ಸರಾಸರಿ ವರ್ಗ ದೋಷವನ್ನು (ಪ್ರತಿ ಪಿಕ್ಸೆಲ್‌ನ ತಪ್ಪಿನ ವರ್ಗಗಳ ಸರಾಸರಿ) ಕನಿಷ್ಠಗೊಳಿಸಲು ಕಲಿತ ಜಾಲ, ಸಂದೇಹವಿದ್ದಲ್ಲೆಲ್ಲ ಸಾಧ್ಯ ಉತ್ತರಗಳ ಸರಾಸರಿಯನ್ನು ಕೊಡುತ್ತದೆ. ಸುತ್ತಲಿನ ಅಂಗಾಂಶಕ್ಕಿಂತ ಹತ್ತಿಪ್ಪತ್ತು ಹೌನ್ಸ್‌ಫೀಲ್ಡ್ ಮಾನ (ಸಿಟಿ ಚಿತ್ರದ ಸಾಂದ್ರತೆಯ ಅಳತೆ) ಮಾತ್ರ ಬೇರೆಯಿರುವ ಚಿಕ್ಕ ಗಡ್ಡೆ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಗ್ಯಾನ್ (ಚಿತ್ರ ಅಸಲಿಯೋ ನಕಲಿಯೋ ಎಂದು ತೀರ್ಪು ಕೊಡುವ ಎರಡನೇ ಜಾಲದೊಂದಿಗೆ ಪೈಪೋಟಿಯಲ್ಲಿ ಕಲಿಸುವ ವಿಧಾನ) ಸೇರಿಸಿದಾಗ ಲಿವರ್‌ನ ಸಹಜ ಒರಟುತನ ಮರಳಿತಾದರೂ, ಒಂದು ಸ್ಲೈಸ್‌ನಲ್ಲಿ ಪೂರ್ಣ ಡೋಸ್ ಚಿತ್ರದಲ್ಲಿಲ್ಲದ ನಾಳದಂತಹ ಎಳೆ ಮೂಡಿತು. ಇಲ್ಲದ್ದನ್ನು ತೋರಿಸುವುದು ಇದ್ದದ್ದನ್ನು ಅಳಿಸುವಷ್ಟೇ ಅಪಾಯವೆಂದು ಅದನ್ನು ಕೈಬಿಟ್ಟೆ. ನಿಜಕ್ಕೂ ಫಲ ಕೊಟ್ಟದ್ದು ಮೂರು ಅಕ್ಕಪಕ್ಕದ ಸ್ಲೈಸ್‌ಗಳನ್ನು ಒಟ್ಟಿಗೆ ಉಣಿಸಿದ್ದು, ಏಕೆಂದರೆ ಗಡ್ಡೆ ಒಂದು ಸ್ಲೈಸ್‌ನಿಂದ ಮುಂದಿನದಕ್ಕೆ ಮುಂದುವರಿಯುತ್ತದೆ, ನಾಯ್ಸ್ ಬಹುಮಟ್ಟಿಗೆ ಮುಂದುವರಿಯುವುದಿಲ್ಲ. ಜೊತೆಗೆ ಮೂಲ ಚಿತ್ರದ ಒಂದು ಪಾಲನ್ನು ಫಲಿತಾಂಶದಲ್ಲಿ ಬೆರೆಸಿದೆ. ಪಿಎಸ್‌ಎನ್‌ಆರ್ ತುಸು ಇಳಿಯಿತು, ಚುಕ್ಕೆ ಮಸುಕಾಗಿಯಾದರೂ ಮರಳಿ ಬಂತು. ಮೇಡಂ ಈ ಸಲ ಅದರ ಮೇಲೆ ಕರ್ಸರ್ ಇಟ್ಟು, ಪಕ್ಕದ ಪರದೆಯಲ್ಲಿದ್ದ ಪೂರ್ಣ ಡೋಸ್ ಚಿತ್ರದೊಂದಿಗೆ ಅದರ ಅಂಚನ್ನು ತಾಳೆ ನೋಡಿದರು.