ಶಾಲೆಯ ಕಟ್ಟಡಕ್ಕೆ ದೇಣಿಗೆ ಕೇಳುವ ಬಗೆ: ಒಬ್ಬ ಖಜಾಂಚಿಯ ಅನುಭವ

ನಮ್ಮ ಶಾಲೆಯ ಕಟ್ಟಡ ನಿಧಿಯ ಲೆಕ್ಕ 11 ವರ್ಷ ನನ್ನ ಕೈಯಲ್ಲಿತ್ತು. ಅದಕ್ಕೂ ಮುಂಚೆ ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಕ್ರೈಸ್ತ ಆಡಳಿತದ ಖಾಸಗಿ ಶಾಲೆ. ಫೀಸಿನಲ್ಲಿ ಸಂಬಳ ಮತ್ತು ದಿನದ ಖರ್ಚು ನಡೆಯುತ್ತದೆ, ಕಟ್ಟಡಕ್ಕೆ ಏನೂ ಉಳಿಯುವುದಿಲ್ಲ. ಇಂಥ ಶಾಲೆಯಲ್ಲಿ ಕಮಿಟಿಗೆ ಸೇರಿ, 'ಹೊಸ ಕೋಣೆಗಳಿಗೆ ದುಡ್ಡು ಎಲ್ಲಿಂದ ತರೋದು' ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ನಾವು ಸೋತೆವು. ವಾರ್ಷಿಕೋತ್ಸವದ ವೇದಿಕೆಯಿಂದ ಘೋಷಣೆ ಮಾಡಿದೆವು, ಬಣ್ಣದ ಕರಪತ್ರ ಹಂಚಿದೆವು, ಗೇಟಿನ ಪಕ್ಕ ಆಳೆತ್ತರದ ಥರ್ಮಾಮೀಟರ್ ಬೋರ್ಡು ನಿಲ್ಲಿಸಿದೆವು. ದುಡ್ಡು ಬಂದ ಹಾಗೆ ಕೆಂಪು ಬಣ್ಣ ಮೇಲೇರಬೇಕಿತ್ತು. ಒಂದು ವರ್ಷವಾದರೂ ಅದು ಮೊಣಕಾಲಿನ ಎತ್ತರ ದಾಟಲಿಲ್ಲ. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರು ದಿನಾ ಬೆಳಿಗ್ಗೆ ಅದನ್ನೇ ನೋಡಿಕೊಂಡು ಹೋಗುತ್ತಿದ್ದರು. ಮುಂದೆ ಹೋಗದ ಕೆಲಸಕ್ಕೆ ಯಾರು ತಾನೇ ಕೈ ಜೋಡಿಸುತ್ತಾರೆ? ಎರಡನೇ ಸಲ ಕ್ರಮವನ್ನೇ ತಿರುಗಿಸಿದೆವು. ಊರಿಗೆಲ್ಲ ಹೇಳುವುದನ್ನು ಕೊನೆಗಿಟ್ಟೆವು. ಆರು ತರಗತಿ ಕೋಣೆ, ಒಂದು ಲೈಬ್ರರಿ ಎದ್ದು ನಿಂತವು.

ಕೇಳುವ ಮುಂಚೆ ಎಣಿಸಿ

ಮೊದಲು ಅಡ್ಮಿಷನ್ ರಿಜಿಸ್ಟರ್ ತೆಗೆಯಿರಿ. ಹಿಂದಿನ 5 ವರ್ಷದಲ್ಲಿ ಎಷ್ಟು ಅರ್ಜಿ ಬಂತು, ಸೀಟಿಲ್ಲ ಅಂತ ಎಷ್ಟು ಮಕ್ಕಳನ್ನು ವಾಪಸ್ ಕಳಿಸಿದಿರಿ, ಯಾವ ತರಗತಿಯಲ್ಲಿ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ನಾವೆಲ್ಲ ಹೈಸ್ಕೂಲಿಗೆ ಕೋಣೆ ಬೇಕು ಅಂದುಕೊಂಡಿದ್ದೆವು. ಎಣಿಸಿ ನೋಡಿದರೆ ಜಾಸ್ತಿ ಮಕ್ಕಳು ವಾಪಸ್ ಹೋಗುತ್ತಿದ್ದದ್ದು 1ನೇ ತರಗತಿಯ ಬಾಗಿಲಿಂದ! ನಕ್ಷೆಯನ್ನೇ ಬದಲಾಯಿಸಬೇಕಾಯಿತು.

ಆಮೇಲೆ ಖರ್ಚು. ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಲೆಕ್ಕ ಹಾಕುವುದಿಲ್ಲವೇ ಅಂತ ಯೇಸುಸ್ವಾಮಿ ಕೇಳಿದ್ದು ಬೈಬಲಿನಲ್ಲಿ, ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿದೆ. ಅದನ್ನು ನಮ್ಮ ಕಮಿಟಿಯ ಮೊದಲ ಸಭೆಯಲ್ಲೇ ಓದಿದೆವು. ಗೋಡೆ, ಚಾವಣಿಯ ಖರ್ಚು ಎಲ್ಲರಿಗೂ ನೆನಪಿರುತ್ತದೆ. ಮರೆತುಹೋಗುವುದು ಬೇರೆ: ಎಂಜಿನಿಯರ್ ಫೀಸು, ಪರವಾನಗಿ, ಶೌಚಾಲಯ, ವೈರಿಂಗ್, ಬೆಂಚು, ಕಪ್ಪು ಹಲಗೆ, ಗಾಲಿಕುರ್ಚಿಗೆ ಇಳಿಜಾರು ದಾರಿ. ಇದೆಲ್ಲ ಸೇರಿಸಿದ ಮೇಲೆ ಒಟ್ಟಿನ ಶೇ. 10ರಷ್ಟನ್ನು ಅನಿರೀಕ್ಷಿತ ಖರ್ಚಿಗೆ ಅಂತ ಇಡಿ. ಇನ್ನೂ ಒಂದು ವಿಷಯ. ಆರು ಕೋಣೆ ಅಂದರೆ ಕನಿಷ್ಠ ಆರು ಶಿಕ್ಷಕರು. ಅವರ ಸಂಬಳ ಪ್ರತಿ ತಿಂಗಳೂ ಬೇಕು. ಅದು ಹೊಸ ಮಕ್ಕಳ ಫೀಸಿನಿಂದ ನಡೆಯುತ್ತದಾ? ನಡೆಯುವುದಿಲ್ಲ ಅಂತಾದರೆ ಕೋಣೆಯ ಸಂಖ್ಯೆ ಇಳಿಸಿ. ಅಡಿಪಾಯವನ್ನು ಮೂರು ಮಹಡಿಗೆ ಹಾಕಿ, ಸದ್ಯಕ್ಕೆ ಒಂದೇ ಮಹಡಿ ಎಬ್ಬಿಸಿದರೂ ಆಗುತ್ತದೆ.

ಜಾಗದ ಪತ್ರ ಯಾರ ಹೆಸರಲ್ಲಿದೆ ಅನ್ನುವುದನ್ನೂ ಈಗಲೇ ನೋಡಿಕೊಳ್ಳಿ. ದೊಡ್ಡ ಮೊತ್ತ ಕೊಡುವವರು ಕೇಳುವ ಮೊದಲ ಪ್ರಶ್ನೆ ಅದೇ. ದೇಣಿಗೆಗೆ ತೆರಿಗೆ ವಿನಾಯಿತಿ, ಹೊರದೇಶದ ಹಣ, ಇವುಗಳ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಒಬ್ಬ ಆಡಿಟರ್ ಜೊತೆ ಕೂತು, ಬಾಯಿಮಾತಲ್ಲಿ ಬಿಡದೆ ಬರೆಸಿಕೊಳ್ಳಿ.

ಕೇಳುವುದೋ, ಬರೀ ಪ್ರಾರ್ಥಿಸುವುದೋ?

ನಮ್ಮ ಕಮಿಟಿಯಲ್ಲಿ ಈ ಮಾತು ಬಂದೇ ಬಂತು. ನಿಮ್ಮಲ್ಲೂ ಬರುತ್ತದೆ. ಹಿರಿಯರೊಬ್ಬರು ಜಾರ್ಜ್ ಮುಲ್ಲರ್ ಹೆಸರು ಎತ್ತಿದರು. ಮುಲ್ಲರ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳಿಗಾಗಿ 1849ರಿಂದ 1870ರ ಒಳಗೆ ಐದು ದೊಡ್ಡ ಮನೆ ತೆರೆದರು. ಒಟ್ಟು 2,000ಕ್ಕೂ ಹೆಚ್ಚು ಮಕ್ಕಳಿಗೆ ಜಾಗ. ಯಾರ ಹತ್ತಿರವೂ ದುಡ್ಡು ಕೊಡಿ ಅಂತ ಕೇಳಲಿಲ್ಲ, ದೇವರ ಹತ್ತಿರ ಮಾತ್ರ ಕೇಳಿದರು. ಇದು ನಿಜ, ಅವರ ಮೇಲೆ ನನಗೆ ತುಂಬ ಗೌರವ. ಆದರೆ ಅವರು ಬಂದ ದುಡ್ಡಿನ ಲೆಕ್ಕವನ್ನು ವರದಿ ಮಾಡಿ ಅಚ್ಚು ಹಾಕಿಸುತ್ತಿದ್ದರು ಅನ್ನುವುದನ್ನು ನಾವು ಮರೆಯುತ್ತೇವೆ. ಇನ್ನೊಂದು ಕಡೆ ಬೈಬಲಿನ ಅಪೊಸ್ತಲ ಪೌಲನನ್ನು ನೋಡಿ. ಯೆರೂಸಲೇಮಿನ ಬಡವರಿಗಾಗಿ ಬೇರೆ ಊರುಗಳ ಕ್ರೈಸ್ತ ಸಭೆಗಳ ಹತ್ತಿರ ಬಾಯಿಬಿಟ್ಟು ಕೇಳಿದ. ಹಾಗಾಗಿ ಕೇಳುವುದರಲ್ಲಿ ತಪ್ಪಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಾವು ಪ್ರತಿ ಭೇಟಿಗೂ ಮುಂಚೆ ಪ್ರಾರ್ಥಿಸಿದೆವು, ಆಮೇಲೆ ಹೋಗಿ ಕೇಳಿದೆವು.

ಮೊದಲು ನಮ್ಮ ಜೇಬು

ಬೈಬಲಿನ ಪೂರ್ವಕಾಲವೃತ್ತಾಂತ ಪ್ರಥಮಭಾಗದ 29ನೇ ಅಧ್ಯಾಯ ಓದಿ. ದೇವಾಲಯಕ್ಕಾಗಿ ಮೊದಲು ಕೊಟ್ಟವನು ರಾಜ ದಾವೀದ. ಆಮೇಲೆ ಕುಲದ ಮುಖಂಡರು, ಅಧಿಕಾರಿಗಳು. ಅದನ್ನು ನೋಡಿ ಜನ ಸಂತೋಷಪಟ್ಟರು. ನಾವೂ ಹಾಗೇ ಮಾಡಿದೆವು. ಕಮಿಟಿಯ ಅಷ್ಟೂ ಜನ ಕೊಡುವ ತನಕ ಹೊರಗಿನ ಒಬ್ಬರನ್ನೂ ಕೇಳಲಿಲ್ಲ. ಮೊತ್ತ ಎಷ್ಟಾದರೂ ಸರಿ, ಅದು ಅವರವರ ಶಕ್ತಿ. 'ನೀವೆಷ್ಟು ಕೊಟ್ಟಿರಿ?' ಅಂತ ನನ್ನನ್ನು ನಾಲ್ಕು ಮನೆಯಲ್ಲಿ ಕೇಳಿದ್ದಾರೆ. ನಾಲ್ಕು ಕಡೆಯೂ ತಲೆ ಎತ್ತಿ ಹೇಳಿದೆ.

ಆಮೇಲೆ ಒಂದು ಪಟ್ಟಿ ಬೇಕು. ಬೇಕಾದ ಹಣವನ್ನು 100 ಪಾಲು ಅಂದುಕೊಳ್ಳಿ. 20 ಪಾಲು ಕೊಡುವ ಒಬ್ಬರು, 10 ಪಾಲಿನ ಇಬ್ಬರು, 5 ಪಾಲಿನ ನಾಲ್ವರು, 2 ಪಾಲಿನ ಹತ್ತು ಜನ. ಅಲ್ಲಿಗೆ 80 ಆಯಿತು. ಉಳಿದ 20 ಪಾಲು ನೂರಾರು ಕೈಗಳಿಂದ ಬರಬೇಕು. 'ಎಲ್ಲರೂ ಒಂದೇ ಸಮ ಹಾಕಿದರೆ ಆಯ್ತಲ್ವಾ?' ಅಂತ ಯಾರಾದರೂ ಹೇಳುತ್ತಾರೆ. ಹನಿ ಹನಿ ಕೂಡಿದರೆ ಹಳ್ಳ, ಒಪ್ಪುತ್ತೇನೆ. ಆದರೆ ಹಳ್ಳ ತುಂಬುವಷ್ಟರಲ್ಲಿ ಸಿಮೆಂಟಿನ ಬೆಲೆ ಏರಿರುತ್ತದೆ, 1ನೇ ತರಗತಿಯ ಮಗು ಶಾಲೆ ಮುಗಿಸಿ ಹೋಗಿರುತ್ತದೆ. ಪಟ್ಟಿಯ ಒಂದೊಂದು ಸಾಲಿಗೂ ಮೂರು ನಾಲ್ಕು ಹೆಸರು ಬರೆಯಿರಿ, ಕೇಳಿದವರೆಲ್ಲ ಹೂಂ ಅನ್ನುವುದಿಲ್ಲ. ಹಳೆ ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕರು, ಚರ್ಚಿನ ಕುಟುಂಬಗಳು, ಶಾಲೆಯಿಂದ ಉಪಕಾರ ಕಂಡ ವ್ಯಾಪಾರಿಗಳು, ಇವರಿಂದ ಶುರು ಮಾಡಿ.

ಯಾರ ಹತ್ತಿರ ಮೊದಲು ಹೋಗಬೇಕು ಅನ್ನುವುದಕ್ಕೆ ಹಳೆಯ ಸಲಹೆಯೊಂದಿದೆ. 18ನೇ ಶತಮಾನದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗಿಲ್ಬರ್ಟ್ ಟೆನೆಂಟ್ ಅನ್ನುವ ಪಾದ್ರಿ ಪ್ರಾರ್ಥನಾ ಮಂದಿರ ಕಟ್ಟಲು ಆ ಊರಿನ ಹೆಸರಾಂತ ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್‌ನ ಸಹಾಯ ಕೇಳಿದರು. ಫ್ರಾಂಕ್ಲಿನ್ ತಾನು ಬರುವುದಿಲ್ಲ ಅಂದ, ಆದರೆ ಬುದ್ಧಿಮಾತು ಕೊಟ್ಟ. ಕೊಟ್ಟೇ ಕೊಡುತ್ತಾರೆ ಅನ್ನುವವರನ್ನು ಮೊದಲು ಕೇಳಿ. ಆಮೇಲೆ ಕೊಡುತ್ತಾರೋ ಇಲ್ಲವೋ ಅನ್ನುವವರಿಗೆ ಕೊಟ್ಟವರ ಪಟ್ಟಿ ತೋರಿಸಿ ಕೇಳಿ. ಕೊಡುವುದೇ ಇಲ್ಲ ಅನ್ನಿಸಿದವರನ್ನೂ ಬಿಡಬೇಡಿ, ನಿಮ್ಮ ಅಂದಾಜು ತಪ್ಪಿರಬಹುದು. ಟೆನೆಂಟ್ ಅದೇ ರೀತಿ ಎಲ್ಲರನ್ನೂ ಕೇಳಿದರು, ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಬಂತು. ಪಟ್ಟಿ ತೋರಿಸುವ ವಿಷಯದಲ್ಲಿ ಮಾತ್ರ ನಾವು ಒಂದು ಎಚ್ಚರ ತೆಗೆದುಕೊಂಡೆವು. ಒಪ್ಪಿಗೆ ಕೊಟ್ಟವರ ಹೆಸರಷ್ಟೇ, ಅದೂ ಮೊತ್ತ ಇಲ್ಲದೆ.

ಒಂದು ಭೇಟಿ

ಪತ್ರದಿಂದ ದೊಡ್ಡ ದೇಣಿಗೆ ಬರುವುದಿಲ್ಲ. ಮನೆಗೆ ಹೋಗಬೇಕು, ಇಬ್ಬರೇ ಹೋಗಬೇಕು. ಅವರಿಗೆ ಗೊತ್ತಿರುವ ಒಬ್ಬರು, ಲೆಕ್ಕ ಗೊತ್ತಿರುವ ಒಬ್ಬರು.

ನಮ್ಮ ಹಳೆ ವಿದ್ಯಾರ್ಥಿಯೊಬ್ಬರ ಮನೆಗೆ ನಾನೂ ಹೆಡ್ ಮಿಸ್ಟ್ರೆಸ್ಸೂ ಹೋಗಿದ್ದೆವು. ಕೈಯಲ್ಲಿ ಮೂರೇ ವಸ್ತು: ಕಟ್ಟಡದ ನಕ್ಷೆ, ರಿಜಿಸ್ಟರಿನಿಂದ ತೆಗೆದ ಆ ಹಾಳೆ, ಮತ್ತು 1ನೇ ತರಗತಿಯ ಮಕ್ಕಳು ವರಾಂಡದ ನೆಲದಲ್ಲಿ ಕೂತು ಬರೆಯುತ್ತಿರುವ ಫೋಟೊ. ಅವರು ಫೋಟೊ ನೋಡಿ, 'ಇದೇ ವರಾಂಡದಲ್ಲಿ ನಾನೂ ಕೂತಿದ್ದೆ ಟೀಚರ್' ಅಂದರು. ಸ್ವಲ್ಪ ಹೊತ್ತು ಹಳೆಯ ಮಾತು. ಆಮೇಲೆ ಅವರೇ ಕೇಳಿದರು: 'ನನ್ನಿಂದ ಎಷ್ಟು ಅಂದುಕೊಂಡು ಬಂದಿದ್ದೀರಿ?'

'ಒಂದು ಕೋಣೆ. ಪೂರ್ತಿ ಮೊತ್ತ ಈ ಹಾಳೆಯಲ್ಲಿದೆ. 3 ವರ್ಷದಲ್ಲಿ ಕೊಡಬಹುದು' ಅಂದೆ. ಆಮೇಲೆ ಇಬ್ಬರೂ ಸುಮ್ಮನೆ ಕೂತೆವು.

ಈ ಸುಮ್ಮನೆ ಕೂರುವುದು ಬಹಳ ಕಷ್ಟ. 'ಆಗದಿದ್ದರೆ ಅರ್ಧವಾದರೂ...' ಅಂತ ಬಾಯಿ ತಾನಾಗಿ ಬಿಡುತ್ತದೆ. ಬಿಡಬೇಡಿ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾರೆ, ಅದಕ್ಕೆ ಸಮಯ ಕೊಡಿ. ಅವರು ನಕ್ಷೆಯ ಮೇಲೆ ಬೆರಳಾಡಿಸುತ್ತ, 'ಈ ಕೋಣೆಗೆ ಕಿಟಕಿ ಯಾವ ಕಡೆ?' ಅಂದರು. ಮೈದಾನದ ಕಡೆ ಅಂದೆ. 'ಮನೆಯಲ್ಲಿ ಮಾತಾಡಿ ಹೇಳ್ತೀನಿ.' ಒಂಬತ್ತನೇ ದಿನ ಫೋನ್ ಬಂತು. ಪೂರ್ತಿ ಒಂದು ಕೋಣೆ.

ಇಲ್ಲ ಅಂದವರ ಮನೆಯಿಂದಲೂ ನಗುತ್ತಲೇ ಹೊರಗೆ ಬನ್ನಿ. ಮಾತು ಕೊಟ್ಟವರಿಂದ ಸಹಿ ಇರುವ ಒಂದು ಪುಟದ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಎಷ್ಟು, ಯಾವ ತಿಂಗಳು, ಯಾವುದಕ್ಕೆ ಅಂತ ಅದರಲ್ಲಿರಲಿ. ಮಾತು ಕೊಟ್ಟದ್ದೆಲ್ಲ ಬಂದೇ ಬರುತ್ತದೆ ಅಂತ ಕಂಟ್ರಾಕ್ಟರಿಗೆ ಆರ್ಡರ್ ಕೊಡಬೇಡಿ. ಕಷ್ಟ ಯಾರಿಗೂ ಹೇಳಿ ಬರುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಪಾಲು ಖಾತ್ರಿಯಾದ ಮೇಲೆ ಎಲ್ಲರಿಗೂ ಘೋಷಿಸಿ. ನಾವು 60 ಪಾಲು ದಾಟಿದ ಮೇಲೆ ಅದೇ ಬೋರ್ಡಿಗೆ ಹೊಸ ಬಣ್ಣ ಹೊಡೆದು ಗೇಟಿಗೆ ತಂದೆವು. ಈ ಸಲ ಕೆಂಪು ಮೊದಲ ದಿನವೇ ಎದೆಯ ಮಟ್ಟಕ್ಕಿತ್ತು. ಉಳಿದದ್ದು ನಾಲ್ಕು ತಿಂಗಳಲ್ಲಿ ಬಂತು.

ಮಾಡಲೇಬಾರದ ಕೆಲಸಗಳು

ಅಡ್ಮಿಷನ್ನಿಗೂ ದೇಣಿಗೆಗೂ ಗಂಟು ಹಾಕಬೇಡಿ. ಅರ್ಜಿ ಹಾಕಿ ಕಾಯುತ್ತಿರುವ ಕುಟುಂಬದಿಂದ ಸೀಟಿನ ತೀರ್ಮಾನ ಆಗುವ ತನಕ ಒಂದು ಪೈಸೆಯನ್ನೂ ತೆಗೆದುಕೊಳ್ಳಬೇಡಿ. ಮಕ್ಕಳ ಕೈಗೆ ರಸೀದಿ ಪುಸ್ತಕ ಕೊಟ್ಟು ಕಳಿಸಬೇಡಿ. ತರಗತಿಯಲ್ಲಿ 'ಯಾರ ಮನೆಯಿಂದ ಬಂತು' ಅಂತ ಕೇಳಬೇಡಿ. ಕೊಡಲಾಗದ ಮನೆಯ ಮಗು ಆ ಪ್ರಶ್ನೆಗೆ ತಲೆ ತಗ್ಗಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇವತ್ತಿಗೂ ಮರೆತಿಲ್ಲ. ಬೇರೆ ಧರ್ಮದ ಕುಟುಂಬಗಳೂ ಪ್ರೀತಿಯಿಂದ ಕೊಡುತ್ತವೆ. ಈ ದುಡ್ಡು ತರಗತಿ ಕೋಣೆಗೆ, ಚಾಪೆಲ್ಲಿಗೆ ಬೇರೆ ನಿಧಿ ಇದೆ ಅಂತ ಅವರಿಗೆ ಮೊದಲೇ ಬಿಡಿಸಿ ಹೇಳಿ.

ದುಡ್ಡಿಲ್ಲದವರನ್ನು ಹೊರಗಿಡಲೂ ಬೇಡಿ. ಬೈಬಲಿನ ನೆಹೆಮೀಯನ ಪುಸ್ತಕದ 3ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಗೋಡೆ ಕಟ್ಟಿದವರ ಹೆಸರುಗಳಿವೆ. ಅಕ್ಕಸಾಲಿಗರಿದ್ದಾರೆ, ಸುಗಂಧದ್ರವ್ಯ ಮಾಡುವವರಿದ್ದಾರೆ, ಶಲ್ಲೂಮ ಅನ್ನುವವನ ಹೆಣ್ಣುಮಕ್ಕಳೂ ಇದ್ದಾರೆ. ನಮ್ಮಲ್ಲಿ ಒಬ್ಬ ತಂದೆ ಎರಡು ಶನಿವಾರ ಬಂದು ವೈರಿಂಗ್ ಮಾಡಿಕೊಟ್ಟರು. ಅವರ ಹೆಸರೂ ನಮ್ಮ ದೇಣಿಗೆ ಕೊಟ್ಟವರ ಪಟ್ಟಿಯಲ್ಲಿದೆ.

ಲೆಕ್ಕ

ಬೇರೆ ಬ್ಯಾಂಕ್ ಖಾತೆ, ಇಬ್ಬರ ಸಹಿ, ಎರಡು ದಿನದೊಳಗೆ ರಸೀದಿ, ಪ್ರತಿ ತಿಂಗಳು ನೋಟಿಸ್ ಬೋರ್ಡಿನಲ್ಲಿ ಬಂದದ್ದು, ಹೋದದ್ದು, ಉಳಿದದ್ದು. ಪೌಲನೂ ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಯಾರೂ ತಪ್ಪು ಹೊರಿಸಬಾರದು ಅಂತ ಸಭೆಗಳು ಆರಿಸಿದವರನ್ನು ಜೊತೆಗೆ ಸೇರಿಸಿಕೊಂಡ. ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಅದಿದೆ.

ಇಷ್ಟೆಲ್ಲ ಗೊತ್ತಿದ್ದೂ ನಾನೊಂದು ತಪ್ಪು ಮಾಡಿದೆ. ನಿವೃತ್ತ ಶಿಕ್ಷಕಿಯೊಬ್ಬರು ಲೈಬ್ರರಿಯ ಕಪಾಟುಗಳಿಗೆ ಅಂತಲೇ ಹಣ ಕೊಟ್ಟಿದ್ದರು. ಚಾವಣಿಗೆ ಕಾಂಕ್ರೀಟ್ ಹಾಕುವ ವಾರ ಕೈಯಲ್ಲಿ ದುಡ್ಡು ಕಡಿಮೆಯಾಯಿತು. ಮುಂದಿನ ತಿಂಗಳು ವಾಪಸ್ ಹಾಕಿದರಾಯಿತು ಅಂತ ಆ ಹಣ ತೆಗೆದೆವು. ಮುಂದಿನ ತಿಂಗಳೂ ಆಗಲಿಲ್ಲ. ಒಂದು ದಿನ ಅವರು ಕಪಾಟು ನೋಡಲು ಬಂದರು. ಖಾಲಿ ಕೋಣೆಯಲ್ಲಿ ನಿಂತು ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. 'ಒಂದು ಮಾತು ನನ್ನನ್ನು ಕೇಳಬಹುದಿತ್ತಲ್ಲಮ್ಮ' ಅಂದರು ಅಷ್ಟೇ. ಅವತ್ತಿನಿಂದ ಲೆಕ್ಕದ ಪುಸ್ತಕದಲ್ಲಿ ಒಂದೊಂದು ಉದ್ದೇಶಕ್ಕೂ ಬೇರೆ ಕಾಲಂ. ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕಾದರೆ ಕೊಟ್ಟವರ ಸಹಿ ಬೇಕು. ಸಹಿ ಸಿಗದಿದ್ದರೆ ಕೆಲಸ ನಿಲ್ಲಲಿ.

ಸಾಕು ಅನ್ನುವ ದಿನವೂ ಬರುತ್ತದೆ. ಬೈಬಲಿನಲ್ಲಿ, ದೇವರ ಆರಾಧನೆಯ ಗುಡಾರದ ಕೆಲಸಕ್ಕೆ ಜನ ಬೇಕಾದ್ದಕ್ಕಿಂತ ಜಾಸ್ತಿ ತಂದಾಗ ಅವರ ನಾಯಕ ಮೋಶೆ, ಇನ್ನು ತರಬೇಡಿ ಅಂತ ಪಾಳೆಯದಲ್ಲೆಲ್ಲ ಸಾರಿಸಿದ. ನಮಗೆ ಗುರಿ ಮುಟ್ಟಿದ ಮೇಲೆ ಎರಡು ಕವರು ಬಂದವು. ಇಬ್ಬರಿಗೂ ಫೋನ್ ಮಾಡಿ, ಕಟ್ಟಡಕ್ಕೆ ಇನ್ನು ಬೇಡ, ಬಡ ಮಕ್ಕಳ ಫೀಸಿಗೆ ಹಾಕಲೇ ಅಂತ ಕೇಳಿದೆ. ಒಬ್ಬರು ಹೂಂ ಅಂದರು. ಇನ್ನೊಬ್ಬರು ವಾಪಸ್ ಕೇಳಿದರು, ಅದೇ ದಿನ ಕೊಟ್ಟು ಬಂದೆ. ಆಮೇಲೆ ಖಾತೆ ಮುಚ್ಚಿ, ಆಡಿಟರ್ ಸಹಿ ಮಾಡಿದ ಕೊನೆಯ ಲೆಕ್ಕವನ್ನು ಕೊಟ್ಟವರೆಲ್ಲರಿಗೂ ಕಳಿಸಿದೆವು. ಅದರ ಒಂದು ಪ್ರತಿ ಈಗಲೂ ಲೈಬ್ರರಿಯ ಬಾಗಿಲ ಹಿಂದೆ ಅಂಟಿಸಿದೆ, ಆ ಕಪಾಟುಗಳ ಎದುರಿಗೇ.