ಹೈಬ್ರಿಡ್ಡೋ, ಟರ್ಬೋನೋ? ಪಿಕಪ್ ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್ ಸುತ್ತಮುತ್ತಲ ಮನೆಗಳಿಗೆ ತೋಟ ಮಾಡಿಕೊಡುವುದು ನನ್ನ ಕಸುಬು. ಮಣ್ಣು, ಗೊಬ್ಬರ, ಸಸಿ, ಚಪ್ಪಡಿಕಲ್ಲು ಎಲ್ಲಾ ನನ್ನ ಪಿಕಪ್ಪಿನಲ್ಲೇ ಹೋಗಬೇಕು. ಹಾಗಾಗಿ ಕನ್ನಡ ಕೂಟದಲ್ಲಿ ಯಾರಿಗೆ ಪಿಕಪ್ ಕೊಳ್ಳುವ ಮನಸ್ಸಾದರೂ ಊಟದ ಸಾಲಿನಲ್ಲಿ ನನ್ನನ್ನು ಹಿಡಿಯುತ್ತಾರೆ. "ಹೈಬ್ರಿಡ್ ತಗೊಳ್ಳೋದಾ, ಟರ್ಬೋ ತಗೊಳ್ಳೋದಾ, ಒಂದೇ ಮಾತಲ್ಲಿ ಹೇಳಿಬಿಡಿ ಅಕ್ಕಾ." ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಗಾಡಿ, ಟರ್ಬೋ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ ಇರುವ ಗಾಡಿ. ಒಂದೇ ಮಾತಲ್ಲಿ ಹೇಳೋಕಾಗಲ್ಲ. ಬೆನ್ನಿಗೆ ಏನು ಕಟ್ಟಿಕೊಂಡು, ಎಷ್ಟು ಎತ್ತರಕ್ಕೆ, ಎಷ್ಟು ಸಲ ಹೋಗುತ್ತೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ.

ಇಲ್ಲಿ ಹೆಚ್ಚಾಗಿ ಫೋರ್ಡ್ ಮ್ಯಾವರಿಕ್ ಎಂಬ ಸಣ್ಣ ಪಿಕಪ್ ಇಟ್ಟುಕೊಂಡು ಹೇಳುತ್ತೇನೆ. ನನ್ನದು ಅದರ 2022ರ ಹೈಬ್ರಿಡ್, ಫೋರ್ಟ್ ಕಾಲಿನ್ಸ್‌ನಲ್ಲಿರುವ ನನ್ನ ಮೈದುನನದು ಅದೇ ಗಾಡಿಯ ಟರ್ಬೋ. ಹೊರಗಿನಿಂದ ನೋಡಿದರೆ ಅವಳಿ ಜವಳಿ. ಬಾನೆಟ್ ಎತ್ತಿದರೆ ಸಂಬಂಧವೇ ಇಲ್ಲ. ನನ್ನದರಲ್ಲಿ ಟರ್ಬೋ ಇಲ್ಲದ 2.5 ಲೀಟರ್ ಎಂಜಿನ್, ಜೊತೆಗೆ ವಿದ್ಯುತ್ ಮೋಟರ್, ಎರಡೂ ಸೇರಿ 191 ಅಶ್ವಶಕ್ತಿ. ಅವನದರಲ್ಲಿ 2 ಲೀಟರ್ ಟರ್ಬೋ, 250 ಅಶ್ವಶಕ್ತಿ, ಎಂಟು ಗೇರಿನ ಆಟೊಮ್ಯಾಟಿಕ್. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಟ್ಟ ಮೈಲೇಜು ನನ್ನದಕ್ಕೆ ಊರೊಳಗೆ ಗ್ಯಾಲನ್ನಿಗೆ 42 ಮೈಲಿ, ಹೆದ್ದಾರಿಯಲ್ಲಿ 33, ಒಟ್ಟಾರೆ 37. ಅವನ ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ) ಟರ್ಬೋಗೆ ಊರೊಳಗೆ 22, ಹೆದ್ದಾರಿಯಲ್ಲಿ 29, ಒಟ್ಟಾರೆ 25.

ಒಂದು ವಿಷಯ ಕಣ್ಣಿಗೆ ಬಿತ್ತೇ? ಊರೊಳಗಿನ ವ್ಯತ್ಯಾಸ ಇಪ್ಪತ್ತು ಮೈಲಿ, ಹೆದ್ದಾರಿಯಲ್ಲಿ ಬರೀ ನಾಲ್ಕು. ಬ್ರೇಕ್ ಒತ್ತಿದಾಗಲೆಲ್ಲ ಹಾಳಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಸಿಕೊಂಡು, ಸಿಗ್ನಲ್ ಬಿಟ್ಟಾಗ ಮತ್ತೆ ಬಳಸುವುದರಲ್ಲೇ ಹೈಬ್ರಿಡ್ಡಿನ ಉಳಿತಾಯ ಇರುವುದು. ಬ್ರೇಕೇ ಒತ್ತದೆ ಕ್ಯಾನ್ಸಸ್ ಕಡೆಗೆ ನೇರ ಹೋಗುತ್ತಿದ್ದರೆ ಉಳಿಸಲು ಅಂಥದ್ದೇನೂ ಇರುವುದಿಲ್ಲ. ನನ್ನ ದಿನ ಕಳೆಯುವುದು ನರ್ಸರಿ, ಗಿರಾಕಿಯ ಮನೆ, ಮತ್ತೆ ನರ್ಸರಿ ಎಂದು ಕೋಲ್ಫ್ಯಾಕ್ಸ್ ಅವೆನ್ಯೂವಿನ ಸಿಗ್ನಲ್‌ಗಳ ನಡುವೆ. ನನಗೆ ಹೈಬ್ರಿಡ್ ಬಿಟ್ಟು ಬೇರೆ ಯೋಚನೆಯೇ ಬರಲಿಲ್ಲ.

ಇನ್ನು ದುಡ್ಡು. ಇಲ್ಲಿ ಜನ ಎಡವುವುದು ಮೈಲೇಜಿನ ಅಂಕಿ ನೋಡಿ. ಮೈಲೇಜನ್ನಲ್ಲ, ವರ್ಷಕ್ಕೆ ಸುಡುವ ಗ್ಯಾಲನ್ ಎಷ್ಟು ಅನ್ನುವುದನ್ನು ಲೆಕ್ಕ ಹಾಕಿ. ವರ್ಷಕ್ಕೆ 12,000 ಮೈಲಿ ಓಡಿಸುತ್ತೀರಿ ಅನ್ನಿ. 37ರ ಲೆಕ್ಕದಲ್ಲಿ ಸುಮಾರು 324 ಗ್ಯಾಲನ್, 25ರ ಲೆಕ್ಕದಲ್ಲಿ 480. ವ್ಯತ್ಯಾಸ 156 ಗ್ಯಾಲನ್. ಗ್ಯಾಲನ್ನಿಗೆ 3 ಡಾಲರ್ ಹಿಡಿದರೆ ವರ್ಷಕ್ಕೆ 468 ಡಾಲರ್. 2024ರ ಮ್ಯಾವರಿಕ್‌ನಲ್ಲಿ ಹೈಬ್ರಿಡ್‌ಗೆ 1,500 ಡಾಲರ್ ಹೆಚ್ಚಿಗೆ ಇತ್ತು. ಮೂರು ವರ್ಷ ಚಿಲ್ಲರೆಯಲ್ಲಿ ಅದು ವಾಪಸ್ಸು. ಅದೇ ದೊಡ್ಡ ಗಾಡಿಗಳಲ್ಲಿ 20 ಮೈಲಿಯ ಟರ್ಬೋ ಬಿಟ್ಟು 23 ಮೈಲಿಯ ಹೈಬ್ರಿಡ್ ಕೊಂಡರೆ ಅದೇ ಓಟಕ್ಕೆ ಉಳಿಯುವುದು 78 ಗ್ಯಾಲನ್, ಅಂದರೆ 234 ಡಾಲರ್. ಅಲ್ಲಿ ಪೆಟ್ರೋಲ್ ಉಳಿಯುತ್ತದೆ ಅನ್ನುವ ಒಂದೇ ಕಾರಣಕ್ಕೆ ಹೈಬ್ರಿಡ್ ಕೊಳ್ಳಬೇಡಿ. ಬೇರೆ ಕಾರಣಗಳಿವೆ, ಅವಕ್ಕೆ ಆಮೇಲೆ ಬರುತ್ತೇನೆ.

ಚಳಿಗಾಲದ ಮೈಲೇಜನ್ನು ಡೀಲರ್ ಹೇಳುವುದಿಲ್ಲ, ನಾನು ಹೇಳುತ್ತೇನೆ. ಹೊರಗೆ ಹಿಮ ಬಿದ್ದಿದ್ದಾಗ ಒಳಗೆ ಹೀಟರ್ ಬೇಕು, ಹೀಟರಿಗೆ ಬಿಸಿ ಎಂಜಿನ್ ಬೇಕು. ಹಾಗಾಗಿ ಸಿಗ್ನಲ್ಲಿನಲ್ಲಿ ನಿಂತರೂ ಎಂಜಿನ್ ಆರುವುದಿಲ್ಲ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ 77 ಡಿಗ್ರಿ ಫ್ಯಾರನ್‌ಹೀಟ್‌ನಿಂದ 20 ಡಿಗ್ರಿಗೆ ಇಳಿದರೆ ಊರೊಳಗಿನ ಓಡಾಟದಲ್ಲಿ ಮಾಮೂಲಿ ಪೆಟ್ರೋಲ್ ಗಾಡಿಯ ಮೈಲೇಜು ಸುಮಾರು ಶೇಕಡ 15 ಕುಸಿಯುತ್ತದೆ, ಹೈಬ್ರಿಡ್‌ನದು ಶೇಕಡ 30ಕ್ಕೂ ಮೇಲೆ. ಆದರೂ ಜನವರಿಯಲ್ಲೂ ನನ್ನ ಗಾಡಿ ಮೈದುನನದಕ್ಕಿಂತ ಕಡಿಮೆಯೇ ಕುಡಿಯುತ್ತದೆ.

ಈಗ ಬೆಟ್ಟ. ಕೊಲರಾಡೋದಲ್ಲಿ ಇದನ್ನು ಬಿಟ್ಟು ಪಿಕಪ್ ಕೊಳ್ಳುವ ಮಾತೇ ಆಡಬಾರದು. ಡೆನ್ವರ್ ಇರುವುದು 5,280 ಅಡಿ ಎತ್ತರದಲ್ಲಿ. ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಐಸೆನ್‌ಹೋವರ್ ಸುರಂಗದ ಹತ್ತಿರ 11,158 ಅಡಿ. ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಹತ್ತಿರ ಹತ್ತಿರ ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಏಕೆಂದರೆ ಗಾಳಿಯೇ ತೆಳು. ನನ್ನ ಹೈಬ್ರಿಡ್‌ನಲ್ಲಿ ಎಂಜಿನ್ನಿನದೇ ಪಾಲು 162 ಅಶ್ವಶಕ್ತಿ. ಸುರಂಗದ ಬಾಯಿಗೆ ಬರುವಷ್ಟರಲ್ಲಿ ಅದರ ಮೂರರಲ್ಲಿ ಒಂದು ಪಾಲು ಹೋಗಿರುತ್ತದೆ. ಮೋಟರ್ ಇದೆಯಲ್ಲ ಅನ್ನಬಹುದು. ಬ್ಯಾಟರಿ ಇರುವುದು 1.1 ಕಿಲೋವ್ಯಾಟ್‌ ಅವರ್, ಅಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಚಿಲ್ಲರೆ, ಉದ್ದನೆಯ ಏರಿನಲ್ಲಿ ಬೇಗ ಬರಿದಾಗುತ್ತದೆ. ಆಮೇಲೆ ಎಂಜಿನ್ ಒಂದೇ ಏದುಸಿರು ಬಿಡುತ್ತಾ ಎಳೆಯಬೇಕು. ಟರ್ಬೋ ಮಾಡುವುದೇ ತೆಳು ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುಂಬುವ ಕೆಲಸ. ಎತ್ತರದ ನಷ್ಟವನ್ನು ಅದು ಬಹುಮಟ್ಟಿಗೆ ತುಂಬಿಕೊಡುತ್ತದೆ. ಮೈದುನ ಕ್ಯಾಂಪರ್, ಅಂದರೆ ಒಳಗೆ ಮಲಗಲು ಜಾಗವಿರುವ ಟ್ರೇಲರ್, ಕಟ್ಟಿಕೊಂಡು 10,000 ಅಡಿ ದಾಟಿದ ಲೆಡ್‌ವಿಲ್‌ಗೆ ಹೋಗುತ್ತಾನೆ. ಅವನು ಟರ್ಬೋ ಕೊಂಡಿದ್ದು ಸರಿ.

ಇಳಿಯುವಾಗಿನ ಲೆಕ್ಕ ಇನ್ನೂ ಸ್ವಾರಸ್ಯ. ಜನ, ಸಾಮಾನು ಸೇರಿ 1,800 ಕಿಲೋ ತೂಗುವ ಗಾಡಿ ಸುರಂಗದಿಂದ ಡೆನ್ವರ್‌ಗೆ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 8.8 ಕಿಲೋವ್ಯಾಟ್‌ ಅವರ್. ಒಂದಷ್ಟು ಗಾಳಿಗೆ, ಟೈರಿಗೆ ಹೋಯಿತು ಅನ್ನಿ. ಉಳಿದದ್ದನ್ನೆಲ್ಲ ಹಿಡಿಯೋಣ ಅಂದರೆ ಬ್ಯಾಟರಿ ಎಲ್ಲಿದೆ? ಇಳಿಜಾರಿನ ಅರ್ಧಕ್ಕೆ ಮೊದಲೇ ಅದು ತುಂಬಿರುತ್ತದೆ. ಆಗ ಹೆಚ್ಚಿನ ಶಕ್ತಿ ಕಳೆಯಲು ಗಾಡಿ ಎಂಜಿನ್ನನ್ನು ಪೆಟ್ರೋಲ್ ಇಲ್ಲದೆ ಸುಮ್ಮನೆ ತಿರುಗಿಸುತ್ತದೆ, ಇದ್ದಕ್ಕಿದ್ದಂತೆ ಗುಂಯ್ ಅಂತ ಜೋರು ಸದ್ದು. ಗಾಡಿ ಕೆಟ್ಟಿತು ಎಂದು ಗಾಬರಿಯಾಗಬೇಡಿ.

ಎಳೆಯುವ ಸಾಮರ್ಥ್ಯಕ್ಕೆ ಬಂದರೆ, 2022ರಿಂದ 2024ರವರೆಗಿನ ಮ್ಯಾವರಿಕ್ ಹೈಬ್ರಿಡ್ ಎಳೆಯುವುದು 2,000 ಪೌಂಡ್ ಮಾತ್ರ, ಅದೂ ಮುಂದಿನ ಚಕ್ರಗಳಿಗಷ್ಟೇ ಶಕ್ತಿ. ಟರ್ಬೋಗೆ 4,000 ಪೌಂಡ್ ಎಳೆಯಲು ಬೇಕಾದ ಸಲಕರಣೆಯ ಪ್ಯಾಕೇಜ್ ಸಿಗುತ್ತಿತ್ತು. 2025ರಿಂದ ಹೈಬ್ರಿಡ್‌ಗೂ ಆಲ್ ವೀಲ್ ಡ್ರೈವ್ ಬಂತು, 4,000 ಪೌಂಡ್ ಪ್ಯಾಕೇಜೂ ಬಂತು. ಹಳೆಯ ಗಾಡಿ ಕೊಳ್ಳುವವರು ವರ್ಷ ನೋಡಿಯೇ ಮುಂದುವರಿಯಿರಿ. ಐ-70ರಲ್ಲಿ ಮಾರಿಸನ್‌ನಿಂದ ಡೊಟ್ಸೆರೋವರೆಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಹಿಮದ ಕಾನೂನು ಇರುತ್ತದೆ. ಮುಂದಿನ ಚಕ್ರಗಳಿಗಷ್ಟೇ ಶಕ್ತಿ ಇರುವ ಗಾಡಿಯಾದರೆ ಹಿಮದ ಟೈರ್, ಚೈನ್ ಬಗ್ಗೆ ಈಗಿನ ನಿಯಮ ಏನೆಂದು ಮೊದಲೇ ನೋಡಿಕೊಳ್ಳಿ.

ಜಾಹೀರಾತಿನ ಎಳೆತದ ಅಂಕಿಗಿಂತ ನಾನು ನಂಬುವುದು ಡ್ರೈವರ್ ಬಾಗಿಲ ಕಂಬದ ಮೇಲಿನ ಚೀಟಿಯನ್ನು. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅಲ್ಲಿ ಬರೆದಿರುತ್ತದೆ. ಟ್ರೇಲರಿನ ಮೂತಿ ಗಾಡಿಯ ಮೇಲೆ ಕೂರಿಸುವ ಭಾರವೂ, ಅಂದರೆ ಟ್ರೇಲರ್ ತೂಕದ ಶೇಕಡ 10ರಿಂದ 15, ಇದರಲ್ಲೇ ಸೇರಬೇಕು. ಮ್ಯಾವರಿಕ್ ಹೊರುವುದು ಹೆಚ್ಚೆಂದರೆ 1,500 ಪೌಂಡ್. ತೊಟ್ಟಿಯಲ್ಲಿ ಜಾಗ ಇದೆ ಎಂದು ಒಂದು ಕ್ಯೂಬಿಕ್ ಯಾರ್ಡ್ ಮಣ್ಣು ಸುರಿಸಿಕೊಂಡರೆ 2,000 ಪೌಂಡ್ ಆಗಿಹೋಗುತ್ತದೆ. ನಾನು ಅರ್ಧ ಯಾರ್ಡಿಗೆ ನಿಲ್ಲಿಸುತ್ತೇನೆ. ಮರದ ಚಕ್ಕೆಯಾದರೆ ಒಂದು ಯಾರ್ಡ್ ಪೂರ್ತಿ ಹಾಕಿಸಬಹುದು. ನಮ್ಮೂರು ತಿಪಟೂರಿನಲ್ಲಿ ಟಾಟಾ ಏಸ್ ಮೇಲೆ ಕೊಬ್ಬರಿ ಮೂಟೆ ಹೇರುವುದನ್ನು ನೋಡಿ ಬೆಳೆದವಳು ನಾನು, ಈ ಚೀಟಿ ನೋಡಿದರೆ ಅಲ್ಲಿನ ಡ್ರೈವರ್‌ಗಳು ನಕ್ಕುಬಿಟ್ಟಾರು.

ದೊಡ್ಡ ಗಾಡಿಗಳಲ್ಲಿ ಹೈಬ್ರಿಡ್ಡೋ ಟರ್ಬೋನೋ ಎಂಬ ಪ್ರಶ್ನೆಯೇ ಅರ್ಧ ಸುಳ್ಳು, ಅಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಫೋರ್ಡ್ ಎಫ್-150 ಪವರ್‌ಬೂಸ್ಟ್ ಅಂದರೆ 3.5 ಲೀಟರಿನ ಆರು ಸಿಲಿಂಡರ್ (ವಿ6) ಟರ್ಬೋ ಎಂಜಿನ್ನಿಗೆ ಮೋಟರ್ ಸೇರಿಸಿದ್ದು, 430 ಅಶ್ವಶಕ್ತಿ. ಟೊಯೊಟ ಟಕೋಮಾದ 2.4 ಲೀಟರ್ ಟರ್ಬೋಗೆ 278 ಅಶ್ವಶಕ್ತಿ, ಅದರದೇ ಹೈಬ್ರಿಡ್‌ಗೆ 326. ಇಲ್ಲಿ ಮೋಟರ್ ಇಟ್ಟಿರುವುದು ಮೈಲೇಜಿಗಿಂತ ಹೆಚ್ಚಾಗಿ ಎಳೆತಕ್ಕೆ. ಹಾಗೆಂದು ಹೈಬ್ರಿಡ್ ಹೆಚ್ಚು ಭಾರ ಎಳೆಯುತ್ತದೆ ಅಂದುಕೊಳ್ಳಬೇಡಿ. ಟಕೋಮಾ ಟರ್ಬೋ 6,500 ಪೌಂಡ್ ಎಳೆದರೆ ಹೈಬ್ರಿಡ್ 6,000 ಮಾತ್ರ. ಬ್ಯಾಟರಿ, ಮೋಟರಿನ ತೂಕವನ್ನೂ ಗಾಡಿಯೇ ಹೊರಬೇಕಲ್ಲ.

ಎಫ್-150 ಹೈಬ್ರಿಡ್ ಕೊಳ್ಳಲು ನನ್ನ ಪ್ರಕಾರ ಗಟ್ಟಿ ಕಾರಣ ಒಂದೇ: 7.2 ಕಿಲೋವ್ಯಾಟ್‌ವರೆಗೆ ವಿದ್ಯುತ್ ಕೊಡುವ ಪ್ಲಗ್ಗುಗಳ ಆಯ್ಕೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹಿಮಗಟ್ಟಿ ಕರೆಂಟ್ ಹೋದಾಗ, ಡೀಲರ್‌ಗಳ ಬಳಿ ಇದ್ದ ಈ ಗಾಡಿಗಳನ್ನು ಕಷ್ಟದಲ್ಲಿರುವವರಿಗೆ ಎರವಲು ಕೊಡಿ ಎಂದು ಫೋರ್ಡ್ ಕೇಳಿಕೊಂಡಿತ್ತು. ಗರಗಸ, ಡ್ರಿಲ್ ಇಟ್ಟುಕೊಂಡು ಕೆಲಸ ಮಾಡುವವರಿಗೆ, ಆಗಾಗ ಕರೆಂಟ್ ಹೋಗುವ ಕಡೆ ಮನೆ ಇರುವವರಿಗೆ ಜನರೇಟರ್ ದುಡ್ಡು ಉಳಿಯಿತು. ಬರೀ ಕೂಟದ ಪಿಕ್ನಿಕ್ಕಿನಲ್ಲಿ ಕಾಫಿ ಕಾಯಿಸುವುದಕ್ಕಾದರೆ ದುಬಾರಿ.

ಬಾಳಿಕೆಯ ಬಗ್ಗೆ ಎರಡೂ ಕಡೆ ಹೆದರಿಸುವವರಿದ್ದಾರೆ. ಫೋರ್ಡ್ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,00,000 ಮೈಲಿಯ ವಾರಂಟಿ ಇದೆ. ಮ್ಯಾವರಿಕ್ ಹೈಬ್ರಿಡ್‌ನಲ್ಲಿ ಹೆಜ್ಜೆ ಹೆಜ್ಜೆಗೆ ಬದಲಾಗುವ ಗೇರುಗಳಿಲ್ಲ, ಬ್ರೇಕ್ ಪ್ಯಾಡ್ ಸವೆಯುವುದೂ ನಿಧಾನ. ಟರ್ಬೋ ಬಹಳ ಬಿಸಿಯಲ್ಲಿ ತಿರುಗುತ್ತದೆ, ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸದವರ ಕೈಯಲ್ಲಿ ಬಾಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಟರ್ಬೋಗೆ ಆಯಿಲ್ ಬದಲಿಸಿದ ರಸೀದಿಗಳಿಲ್ಲದಿದ್ದರೆ ನಾನು ಮುಟ್ಟುವುದಿಲ್ಲ. ರೀಕಾಲ್ ಯಾರನ್ನೂ ಬಿಟ್ಟಿಲ್ಲ: 2022ರಲ್ಲಿ 2.5 ಲೀಟರ್ ಹೈಬ್ರಿಡ್ ಮ್ಯಾವರಿಕ್‌ಗಳನ್ನು ಬೆಂಕಿಯ ಅಪಾಯಕ್ಕೆ ವಾಪಸ್ ಕರೆದರು, 2024ರಲ್ಲಿ ಟೊಯೊಟ ಟಂಡ್ರಾದ ಟರ್ಬೋ ಎಂಜಿನ್ನುಗಳನ್ನು ಒಳಗೆ ಉಳಿದ ಲೋಹದ ಚೂರಿಗೆ. ಕೊಳ್ಳುವ ಗಾಡಿಯ ವಿನ್ ನಂಬರನ್ನು (ಗಾಡಿಯ ಗುರುತಿನ ಸಂಖ್ಯೆ) ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ (NHTSA) ತಾಣದಲ್ಲಿ ಹಾಕಿ ನೋಡಿ, ಪುಕ್ಕಟೆ.

ಕೊಲರಾಡೋದವರು ಪಂಪಿನಲ್ಲಿ ಬಟನ್ ನೋಡಿ ಒತ್ತಿ. ಇಲ್ಲಿ ರೆಗ್ಯುಲರ್ ಅಂತ ಅಗ್ಗಕ್ಕೆ ಸಿಗುವುದು 85 ಆಕ್ಟೇನ್ ದರ್ಜೆಯ ಪೆಟ್ರೋಲ್. ಮ್ಯಾವರಿಕ್‌ನ ಎರಡೂ ಎಂಜಿನ್ನುಗಳಿಗೆ ಕನಿಷ್ಠ 87 ಬೇಕು. ಟರ್ಬೋಗೆ ಟ್ರೇಲರ್ ಕಟ್ಟಿದ ದಿನ ಪ್ರೀಮಿಯಂ, ಅಂದರೆ ಇನ್ನೂ ಹೆಚ್ಚಿನ ಆಕ್ಟೇನ್ ಇರುವುದನ್ನು, ಹಾಕಿ. ಮೇಲಿನ ದುಡ್ಡಿನ ಲೆಕ್ಕಕ್ಕೆ ಈ ಖರ್ಚನ್ನೂ ಸೇರಿಸಿಕೊಳ್ಳಿ.

ಟೆಸ್ಟ್ ಡ್ರೈವ್‌ಗೆ ಡೀಲರ್ ಕರೆದುಕೊಂಡು ಹೋಗುವುದು ಅಂಗಡಿಯ ಸುತ್ತಲಿನ ಸಪಾಟು ರಸ್ತೆಯಲ್ಲಿ. ಒಪ್ಪಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಗೋಲ್ಡನ್ ಹತ್ತಿರ ಐ-70 ಹತ್ತಿ, ಫ್ಲಾಯ್ಡ್ ಹಿಲ್‌ವರೆಗೆ ಹೋಗಿ ಬನ್ನಿ. ಲಾರಿಗಳ ನಡುವಿನಿಂದ ಎಡಕ್ಕೆ ಸರಿದು ವೇಗ ಹಿಡಿಯುವಾಗ ಹೈಬ್ರಿಡ್ ಕೂಗಾಡಿದರೂ ನಿಮಗೆ ಸಾಕು ಅನಿಸಿತೋ, ವಾಪಸ್ ಬಂದು ಅದನ್ನೇ ಬುಕ್ ಮಾಡಿ.